ಚಿಕ್ಕೋರಿದ್ದಾಗ ಓದಿದ ಪೋನಿ ಕತೆಗಳನ್ನ ದೊಡ್ಡೋರಾದ್ಮೇಲೆ ಮತ್ತೆ ಓದೋದು ಹೇಗೆ

ಪೋನಿ ಅಂದ್ರೆ ಗಿಡ್ಡ ಕುದುರೆ. ಮೊದಲನೇ ಕೆಲಸ, ಪೂರ್ತಿ ಪಠ್ಯ ಇರೋ ಪ್ರತಿ ಹುಡುಕಿ. ಮಕ್ಕಳಿಗೆ ಅಂತ ಬಂದ ಎಷ್ಟೋ ಪೇಪರ್‌ಬ್ಯಾಕ್‌ಗಳು ಕತ್ತರಿಸಿದ ಆವೃತ್ತಿಗಳು, ಕತೆ ಬೇಗ ಓಡ್ಲಿ ಅಂತ ನಿಧಾನದ ಪುಟಗಳನ್ನ ತೆಗೆದುಬಿಟ್ಟಿರ್ತಾರೆ, ಆದ್ರೆ ಈ ವಯಸ್ಸಲ್ಲಿ ನಮಗೆ ಬೇಕಾಗಿರೋದು ಆ ಪುಟಗಳೇ. ಕುದುರೆನೇ ತನ್ನ ಕತೆ ಹೇಳೋ ಇಂಗ್ಲಿಷ್ ಕಾದಂಬರಿ ಬ್ಲ್ಯಾಕ್ ಬ್ಯೂಟಿ, ಹಳೇ ಪುಸ್ತಕಗಳ ವೆಬ್‌ಸೈಟ್ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪೂರ್ತಿಯಾಗಿ ಫ್ರೀಯಾಗೇ ಸಿಗುತ್ತೆ, ಬ್ರಿಟನ್ನಿನ ಹಳೇ ಪೋನಿ ಕತೆಗಳಲ್ಲಿ ಸುಮಾರನ್ನ ಜೇನ್ ಬ್ಯಾಡ್ಜರ್ ಬುಕ್ಸ್‌ನವರು ಇ-ಬುಕ್ ಮಾಡಿ ಮತ್ತೆ ತಂದಿದ್ದಾರೆ.

ಎಲ್ಲಿಂದ ಶುರು ಮಾಡೋದು ಅಂದ್ರೆ ನನ್ನ ಪ್ರಕಾರ ಬ್ಲ್ಯಾಕ್ ಬ್ಯೂಟಿಯಿಂದ್ಲೇ, ಯಾಕಂದ್ರೆ ಅದು ಮಕ್ಕಳಿಗೆ ಅಂತ ಬರೆದ ಪುಸ್ತಕಾನೇ ಅಲ್ಲ. ಅದನ್ನ ಬರೆದ ಆನಾ ಸ್ಯೂವೆಲ್‌ಗೆ 14ನೇ ವಯಸ್ಸಲ್ಲಿ ಕಾಲಿಗೆ ಪೆಟ್ಟಾಗಿ ಆಮೇಲೆ ಸರಿಯಾಗಿ ನಡೆಯೋಕೇ ಆಗ್ಲಿಲ್ಲ, ಎಲ್ಲಿಗೆ ಹೋಗ್ಬೇಕಾದ್ರೂ ಕುದುರೆ ಗಾಡಿನೇ, ಹಂಗಾಗಿ ಜೀವನಪೂರ್ತಿ ಕುದುರೆಗಳನ್ನ ಹತ್ತಿರದಿಂದ ನೋಡಿದೋರು. 1871ರಿಂದ 1877ರ ತನಕ, ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ, ಕುದುರೆ ಜೊತೆ ದಿನಾ ಕೆಲಸ ಮಾಡೋ ಗಾಡಿಯೋರು ಲಾಯದೋರು ಓದ್ಲಿ ಅಂತ ಬರೆದ್ರು, ಪುಸ್ತಕ ಬಂದ ಮುಂದಿನ ವರ್ಷಾನೇ 58ನೇ ವಯಸ್ಸಿಗೆ ತೀರ್ಕೊಂಡ್ರು. ಇದು ತಲೇಲಿ ಇಟ್ಕೊಂಡು ಓದಿದ್ರೆ, ಲಗಾಮಿಂದ ತಲೆ ಮೇಲಕ್ಕೆ ಎಳೆದು ಕಟ್ಟೋ ಭಾಗ ಬೇರೇನೇ ಕೇಳಿಸುತ್ತೆ. ಕುದುರೆ ಚೆಂದ ಕಾಣ್ಲಿ ಅನ್ನೋ ಫ್ಯಾಷನ್ನಿಗೆ ಅದರ ಕುತ್ತಿಗೆ ಬಿಗೀತಿದ್ರು, ದಿಬ್ಬ ಹತ್ತುವಾಗ ತಲೆ ಬಗ್ಗಿಸಿ ಭಾರ ಎಳೆಯೋಕಾಗ್ದೆ ಉಸಿರು ಕಟ್ಟೋದು, ಬೆನ್ನು ನೋಯೋದು. ಚಿಕ್ಕೋರಿದ್ದಾಗ ಪಾಪ ಕುದುರೆ ಅಂತ ಅತ್ತಿರ್ತೀವಿ, ಈಗ ಓದುವಾಗ ಆ ಆರ್ಡರ್ ಕೊಟ್ಟ ಯಜಮಾನಿ ಯಾರು, ತಪ್ಪು ಅಂತ ಗೊತ್ತಿದ್ರೂ ಕೆಲಸ ಹೋಗುತ್ತೆ ಅಂತ ಬಾಯಿಮುಚ್ಕೊಂಡು ಕಟ್ಟೋ ಆಳು ಯಾರು, ಅವರನ್ನ ನೋಡಿ.

ಇದೇ ನಾನು ಹೇಳ್ಬೇಕು ಅಂತಿರೋ ಮುಖ್ಯ ವಿಷ್ಯ. ಈ ಸಲ ಕಣ್ಣು ಕುದುರೆ ಮೇಲೆ ಮಾತ್ರ ಇಡ್ಬೇಡಿ, ದುಡ್ಡಿನ ಮೇಲೂ ಕೆಲಸದ ಮೇಲೂ ಇಡಿ. ದುಡ್ಡಿನ ಮಾತು ಬಂದಲ್ಲೆಲ್ಲಾ ಪೆನ್ಸಿಲ್ಲಲ್ಲಿ ಒಂದು ಗುರುತು ಹಾಕ್ಕೊಂಡು ಹೋಗಿ, ಪುಸ್ತಕ ಮುಗಿಯೋ ಹೊತ್ತಿಗೆ ಇನ್ನೊಂದು ಕತೆ ಎದ್ದು ಬಂದಿರುತ್ತೆ. ಬ್ಲ್ಯಾಕ್ ಬ್ಯೂಟಿಯಲ್ಲೇ ಸ್ಯಾಮ್ ಅನ್ನೋ ಲಂಡನ್ ಗಾಡಿಯೋನು ಬರ್ತಾನೆ, ಗಾಡಿಗೂ ಎರಡು ಕುದುರೆಗೂ ಸೇರಿ ದಿನಕ್ಕೆ 18 ಶಿಲ್ಲಿಂಗ್ ಬಾಡಿಗೆ ಕಟ್ಬೇಕು, ಅಷ್ಟು ದುಡೀದೇ ಇದ್ರೆ ತನಗೆ ಒಂದು ಪೆನ್ನಿನೂ ಇಲ್ಲ, ಅದಕ್ಕೇ ಕುದುರೆ ಸುಸ್ತಾದ್ರೂ ಓಡಿಸ್ತಾನೆ, ಕೊನೆಗೆ ಅವನೂ ಸಾಯ್ತಾನೆ. ಚಿಕ್ಕೋರಿದ್ದಾಗ ಅವನು ಕೆಟ್ಟೋನು ಅಂತ ಅನ್ಸಿರುತ್ತೆ, ಈಗ ಆ ಲೆಕ್ಕ ನೋಡಿದ್ಮೇಲೆ ಹಂಗೆ ಅನ್ನೋಕೆ ಮನಸ್ಸು ಬರಲ್ಲ.

ಹಳೇ ಬ್ರಿಟಿಷ್ ದುಡ್ಡಿನ ಲೆಕ್ಕ ಗೊತ್ತಿದ್ರೆ ಓದೋಕೆ ಸುಲಭ: 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್, ಗಿನಿ ಅಂದ್ರೆ 21 ಶಿಲ್ಲಿಂಗ್, ಇದು 1971ರ ತನಕ ನಡೀತು. ಕುದುರೆ ಎತ್ತರನ ಹ್ಯಾಂಡ್‌ಗಳಲ್ಲಿ ಹೇಳ್ತಾರೆ, ಒಂದು ಹ್ಯಾಂಡ್ ಅಂದ್ರೆ 4 ಇಂಚು, 14.2 ಅಂದ್ರೆ 14 ಹ್ಯಾಂಡ್ 2 ಇಂಚು, ಸುಮಾರು 147 ಸೆಂಟಿಮೀಟರ್, ಸಾಮಾನ್ಯವಾಗಿ ಅಲ್ಲೀವರೆಗೆ ಪೋನಿ, ಅದಕ್ಕೆ ಮೇಲೆ ಕುದುರೆ.

ಎರಡನೇದಾಗಿ ಜೋಆನಾ ಕ್ಯಾನನ್‌ರ ಎ ಪೋನಿ ಫಾರ್ ಜೀನ್ ಓದಿ, 1936ರದ್ದು. ಅಪ್ಪ ಅಮ್ಮನ ದುಡ್ಡು ಹೋಗಿ ಲಂಡನ್ ಬಿಟ್ಟು ಹಳ್ಳಿಗೆ ಬಂದ ಹುಡುಗಿಗೆ, ಪಕ್ಕೆಲುಬು ಎದ್ದು ಕಾಣೋ ಒಂದು ಬಡಕಲು ಪೋನಿ ಸಿಗುತ್ತೆ. ಅಲ್ಲೀತನಕ ಇಂಥ ಕತೆಗಳಲ್ಲಿ ಹೆಚ್ಚಾಗಿ ಪೋನಿನೇ ಹೀರೋ, ಇಲ್ಲಿಂದ ಮುಂದೆ ಹುಡುಗಿ ಹೀರೋ ಆದ್ಲು. ಯಾಕೆ ಆ ಕಾಲಕ್ಕೇ ಇಂಥ ಕತೆಗಳು ಜಾಸ್ತಿಯಾದ್ವು ಅಂತ ಯೋಚಿಸಿ, ಮೋಟಾರು ಬಂದು ರಸ್ತೆಯಿಂದ ಹೊಲದಿಂದ ಕುದುರೆ ಮರೆಯಾಗ್ತಿದ್ದ ಹೊತ್ತು ಅದು, ದುಡಿಮೆ ಬಿಟ್ಟು ಮಕ್ಕಳ ಸವಾರಿಗೆ ಬರ್ತಾ ಇತ್ತು, ಮಕ್ಕಳಿಗೆ ಸವಾರಿ ಕಲಿಸೋ ಬ್ರಿಟನ್ನಿನ ಪೋನಿ ಕ್ಲಬ್ ಶುರುವಾಗಿದ್ದೂ 1929ರಲ್ಲಿ.

ಆಮೇಲೆ ರೂಬಿ ಫರ್ಗ್ಯುಸನ್‌ರ ಜಿಲ್ಸ್ ಜಿಮ್ಖಾನಾ, 1949. ಇದನ್ನ ಖಂಡಿತ ಬಿಡ್ಬೇಡಿ. ಹುಡುಗಿ ಮಾತಾಡೋ ಧಾಟಿನೇ ಚೆಂದ, ಓದ್ತಾ ನಗು ಬರುತ್ತೆ, ಆದ್ರೆ ಈಗ ನಿಧಾನಕ್ಕೆ ನೋಡಿದ್ರೆ ಅಪ್ಪ ಇಲ್ಲದ ಮನೆ, ಮಕ್ಕಳ ಕತೆ ಬರೆದು ಸಂಸಾರ ಸಾಗಿಸೋ ಅಮ್ಮ (ಆ ಕತೆಗಳನ್ನ ಮಗಳಿಗೆ ಓದೋಕೇ ಆಗಲ್ಲ, ಆದ್ರೆ ಹುಲ್ಲಿನ ಖರ್ಚು ಬರೋದು ಅದ್ರಿಂದ್ಲೇ), ಸವಾರಿ ಕಲಿಸೋನು ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ವೀಲ್‌ಚೇರ್ ಹಿಡಿದ ಏರ್‌ಫೋರ್ಸ್ ಪೈಲಟ್. ಯುದ್ಧ ಮುಗಿದು ನಾಕೇ ವರ್ಷ, ಆದ್ರೆ ಲೇಖಕಿ ಅದನ್ನ ಎಲ್ಲೂ ಎಳೆದು ಅಳಿಸೋಕೆ ಹೋಗಲ್ಲ. ಆ ಅಮ್ಮನ ಕಡೆಯಿಂದ ಒಂದು ಸಲ ಓದಿ ನೋಡಿ, ನನಗಂತೂ ಈಗ ಪುಸ್ತಕದಲ್ಲಿ ಇಷ್ಟದ ಪಾತ್ರ ಅವಳೇ.

ಮೇರಿ ಒ'ಹಾರಾರ ಮೈ ಫ್ರೆಂಡ್ ಫ್ಲಿಕಾಗೂ (1941, ವಯೋಮಿಂಗ್‌ನ ರ‍್ಯಾಂಚ್) ಇದೇ ಸೂತ್ರ, ಹುಡುಗ ಮತ್ತೆ ಕುದುರೆ ಮರಿ ಕತೆ ಮಧ್ಯೆ ಅವನ ಅಪ್ಪ ಅಮ್ಮ ಸಾಲದ ಬಗ್ಗೆ ಆಡೋ ಮಾತುಗಳನ್ನ ಹುಡುಕಿ ಓದಿ.

ಕೆಲಸದ ವಿಷ್ಯಕ್ಕೆ ಬಂದ್ರೆ, ಲದ್ದಿ ಎತ್ತೋದು, ಗೊರಸು ಕ್ಲೀನ್ ಮಾಡೋದು, ಜೀನು ಒರೆಸೋದು, ಮೈ ಉಜ್ಜೋದು, ಇವೆಲ್ಲ ಪುಟಗಟ್ಟಲೆ ಬರುತ್ತೆ, ಸ್ಕಿಪ್ ಮಾಡ್ಬೇಡಿ. ಆ ಕಾಲದ ಹುಡುಗೀರಿಗೆ ಒಂದು ಕೆಲಸನ ಸೀರಿಯಸ್ಸಾಗಿ ಕಲ್ತು ಅದ್ರಲ್ಲಿ ಪಳಗೋಕೆ ಜಾಗ ಕೊಟ್ಟ ಪುಸ್ತಕಗಳು ಕಮ್ಮಿ, ಇವು ಕೊಟ್ವು. ಕ್ಯಾನನ್‌ರ ಮಗಳು ಜೋಸಫೀನ್ ಪುಲೀನ್-ಥಾಂಪ್ಸನ್ ಬರೆದ ಸಿಕ್ಸ್ ಪೋನೀಸ್ (1946) ಇದಕ್ಕೆ ಒಳ್ಳೇ ಉದಾಹರಣೆ, ಪೋನಿ ಕ್ಲಬ್ ಮಕ್ಕಳು ಒಂದೊಂದು ಪೋನಿ ಪಳಗಿಸ್ಬೇಕು, ಯಾರ ಗುಣ ಹೆಂಗೋ ಅವರ ಪೋನಿನೂ ಹಂಗೇ ತಯಾರಾಗುತ್ತೆ.

ಕಿರಿಕಿರಿ ಆಗೋ ವಿಷ್ಯಗಳೂ ಬರ್ತವೆ. ಆಳುಗಳ ಬಗ್ಗೆ, ಬಡವರ ಬಗ್ಗೆ, ಅಲೆಮಾರಿಗಳ ಬಗ್ಗೆ ಈಗ ಓದೋಕೆ ಕಷ್ಟ ಆಗೋ ಮಾತು. ಅಲ್ಲಿ ನಿಲ್ಲಿ, ಅದು ಯಾವ ಪಾತ್ರದ ಬಾಯಲ್ಲಿ ಬಂತು, ಪುಸ್ತಕ ಆ ಪಾತ್ರದ ಪರವಾಗಿದ್ಯಾ ಅಂತ ನೋಡಿ, ಹೌದು ಅಂತಾದ್ರೆ ತಪ್ಪು ಅಂತ್ಲೇ ಒಪ್ಕೊಂಡು ಮುಂದೆ ಓದಿ. ಇನ್ನು ಎನಿಡ್ ಬ್ಯಾಗ್ನಾಲ್ಡ್‌ರ ನ್ಯಾಷನಲ್ ವೆಲ್ವೆಟ್‌ನಲ್ಲಿ (1935) ಹುಡುಗಿ ಹುಡುಗನ ವೇಷ ಹಾಕಿ ಇಂಗ್ಲೆಂಡಿನ ಹೆಸರಾಂತ ಕುದುರೆ ರೇಸು ಗ್ರ್ಯಾಂಡ್ ನ್ಯಾಷನಲ್‌ಗೆ ಇಳೀತಾಳಲ್ಲ, ಅದು ಓದುವಾಗ ಈ ವರ್ಷಗಳನ್ನ ಪಕ್ಕದಲ್ಲಿ ಇಟ್ಕೊಳ್ಳಿ: ಆ ರೇಸಲ್ಲಿ ಮೊದಲ ಹೆಣ್ಣು ಜಾಕಿ ಷಾರ್ಲೆಟ್ ಬ್ರೂ ಓಡಿಸಿದ್ದು 1977ರಲ್ಲಿ, ಹೆಣ್ಣೊಬ್ಬಳು ಗೆದ್ದಿದ್ದು 2021ರಲ್ಲಿ, ರೇಚಲ್ ಬ್ಲ್ಯಾಕ್‌ಮೋರ್.

ಮನೇಲಿ ಮಕ್ಕಳಿದ್ರೆ ಜೋರಾಗಿ ಓದಿ ಹೇಳಿ. ಬ್ಲ್ಯಾಕ್ ಬ್ಯೂಟಿಯಲ್ಲಿ 49 ಅಧ್ಯಾಯ, ಎಲ್ಲಾ ಚಿಕ್ಕವು, ರಾತ್ರಿಗೆ ಎರಡು ಆರಾಮಾಗಿ ಆಗುತ್ತೆ. ಬ್ಯೂಟಿಯ ಗೆಳತಿ ಕುದುರೆ ಜಿಂಜರ್ ಸಾಯೋ ಅಧ್ಯಾಯನ ಮಾತ್ರ ಹಿಂದಿನ ದಿನವೇ ನೀವೊಬ್ಬರೇ ಓದ್ಕೊಂಡಿರಿ, ಇಲ್ಲಾಂದ್ರೆ ಮಧ್ಯದಲ್ಲಿ ನಿಮ್ಮ ಗಂಟಲೇ ಕಟ್ಟುತ್ತೆ, ಮತ್ತೆ ದಯವಿಟ್ಟು ಆ ಅಧ್ಯಾಯ ಹಾರಿಸ್ಬೇಡಿ, ಅದರ ಮಾರನೇ ರಾತ್ರಿ ಓದೋದನ್ನ ಬಿಟ್ಟು ಮಕ್ಕಳು ಕೇಳೋ ಪ್ರಶ್ನೆಗೆ ಟೈಮ್ ಇಟ್ಕೊಳ್ಳಿ.