ಹಳೇ ಸ್ಯಾವೇಜ್‌ಗೆ 22-250 ನಳಿಗೆ ಹಾಕಿದ ಬಗೆ

ನಮ್ಮದು ಕೊಡಗಿನ ವಿರಾಜಪೇಟೆ ಕಡೆ. ಕೈಲ್‌ಪೊಳ್ದ್ (ನಮ್ಮ ಆಯುಧ ಪೂಜೆಯ ಹಬ್ಬ) ದಿನ ದೇವರ ಮುಂದೆ ಇಟ್ಟ ಕೋವಿಗೆ ಹೂ ಮುಡಿಸುವುದನ್ನು ನೋಡುತ್ತಾ ಬೆಳೆದವನು ನಾನು. ಆದರೆ ಕೋವಿಯ ನಳಿಗೆಯನ್ನು ಕೈಯಾರೆ ಬಿಚ್ಚಿ ಬೇರೆ ಹಾಕಬಹುದು ಅಂತ ಗೊತ್ತಾಗಿದ್ದು ಅಮೆರಿಕದ ಐಡಹೋಗೆ ಬಂದ ಮೇಲೆ.

ಬೋಯ್ಸಿಯಿಂದ ಮೂರು ಗಂಟೆ ದಾರಿ ಹೋದರೆ ಆರೆಗನ್‌ನ ಬರ್ನ್ಸ್ ಊರು. ಸುತ್ತ ಅಲ್ಫಾಲ್ಫಾ ಹೊಲಗಳು, ನಮ್ಮ ಕಡೆ ಕುದುರೆ ಮಸಾಲೆ ಅನ್ನುತ್ತೇವಲ್ಲ, ಅದೇ ಮೇವು. ಬೆಲ್ಡಿಂಗ್ ನೆಲ ಅಳಿಲುಗಳು ಅದನ್ನು ಬುಡಸಮೇತ ಮೇಯುತ್ತವೆ. ಅವು ತೋಡಿ ಹಾಕಿದ ಮಣ್ಣಿನ ಗುಡ್ಡೆಗೆ ತಗುಲಿ ಮೇವು ಕೊಯ್ಯುವ ಯಂತ್ರದ ಅಲಗು ಹಾಳಾಗುತ್ತದೆ. ಹಾಗಾಗಿ ವಸಂತದಲ್ಲಿ ರೈತರೇ ಬೇಟೆಯವರನ್ನು ಹೊಲಕ್ಕೆ ಬಿಡುತ್ತಾರೆ. ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಸ್ಯಾವೇಜ್ ಕಂಪನಿಯ ಮಾಡೆಲ್ 10 ಕೋವಿ, 243 ವಿಂಚೆಸ್ಟರ್ ಅನ್ನುವ ತೋಟಾ ಹೊಡೆಯುವಂಥದ್ದು. ಜಿಂಕೆಗೆ ಸೊಗಸಾದ ಕೋವಿ. ಅಂಗೈಯಗಲದ ಅಳಿಲಿಗೆ ಇಡೀ ದಿನ ಅದರಲ್ಲಿ ಹೊಡೆದರೆ ಭುಜಕ್ಕೂ ಜೇಬಿಗೂ ನೋವು.

ಹಾಗಾಗಿ 22-250 ಅನ್ನುವ ಸಣ್ಣ ಗುಂಡಿನ ತೋಟಾಕ್ಕೆ ನಳಿಗೆ ಬದಲಿಸೋಣ ಅಂದುಕೊಂಡೆ. ಅದೇ ಯಾಕೆ ಅಂದರೆ, ಆ ತೋಟಾ ಸ್ಯಾವೇಜ್ ಮನೆಯ ಮೊಮ್ಮಗ. 1915ರಲ್ಲಿ ಬಂದ 250-3000 ಸ್ಯಾವೇಜ್ ತೋಟಾದ ಕುತ್ತಿಗೆಯನ್ನು 22 ಗುಂಡಿಗೆ ಸಣ್ಣ ಮಾಡಿ ಹವ್ಯಾಸಿಗಳು ಇದನ್ನು ಕಟ್ಟಿಕೊಂಡರು. ಮೂವತ್ತರ ದಶಕದಲ್ಲಿ ಜೆರ್ರಿ ಗೆಬ್ಬಿ ಇದಕ್ಕೆ ‘ವಾರ್ಮಿಂಟರ್’ ಅಂತ ಹೆಸರಿಟ್ಟ. ಕಾರ್ಖಾನೆ ತೋಟಾ ಆಗಿ ರೆಮಿಂಗ್ಟನ್ ಹೊರತಂದದ್ದು 1965ರಲ್ಲಿ. ಈಗ ಹೊಸ ಹೊಸ ತೋಟಾ ವರ್ಷಕ್ಕೊಂದು ಬರುತ್ತವೆ, ಆದರೆ ಸಣ್ಣ ಊರಿನ ಅಂಗಡಿಯಲ್ಲೂ ಸಿಗುವುದು ಇದೇ. ಇನ್ನೊಂದು ಅನುಕೂಲ ಉಂಟು. 243ರ ಬುಡ, 22-250ರ ಬುಡ ಎರಡೂ 0.473 ಇಂಚು. ಬೋಲ್ಟ್ (ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಭಾಗ) ಬದಲಿಸುವ ಗೋಜೇ ಇಲ್ಲ. 222 ರೆಮಿಂಗ್ಟನ್ ಬೇಕು ಅಂದಿದ್ದರೆ ಬೋಲ್ಟ್ ಹೆಡ್ ಕೂಡ ಕೊಳ್ಳಬೇಕಿತ್ತು.

ಮೊದಲು ಕಾನೂನು. ಇಲ್ಲಿ ಕೇಂದ್ರ ಕಾನೂನಿನ ಕಣ್ಣಲ್ಲಿ ಬಂದೂಕು ಅಂದರೆ ರಿಸೀವರ್ (ಬೋಲ್ಟ್ ಓಡಾಡುವ, ನಳಿಗೆ ಬಂದು ಸೇರುವ ನಡುಭಾಗ), ನಳಿಗೆ ಬರೀ ಬಿಡಿಭಾಗ. ಆದರೆ ರಾಜ್ಯಕ್ಕೊಂದು ನಿಯಮ ಇರುತ್ತದೆ, ನಿಮ್ಮದನ್ನು ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದರೆ ಸರಿ. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಬಂದೂಕು ಇಟ್ಟುಕೊಳ್ಳುವುದಕ್ಕೇ ತಡೆ ಇದೆ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿ ಇವೆ, ತಿಳಿದವರನ್ನು ಕೇಳಿಯೇ ಮುಂದುವರಿಯಿರಿ. ಊರಲ್ಲಿ ಇದನ್ನೆಲ್ಲ ಮಾಡಲು ಹೋಗಬೇಡಿ. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ತಿದ್ದಲು ಅಲ್ಲ. ಬೇಟೆಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬಂದ್.

ಸ್ಯಾವೇಜ್‌ನಲ್ಲಿ ಈ ಕೆಲಸ ಸುಲಭ, ಯಾಕೆಂದರೆ ನಳಿಗೆಯನ್ನು ಹಿಡಿದಿಡುವುದು ಒಂದು ನಟ್ಟು. 1958ರ ಮಾಡೆಲ್ 110ರಿಂದ ಬಂದ ಪದ್ಧತಿ ಇದು. ಬೇರೆ ಕೋವಿಗಾದರೆ ಸಾಮಾನ್ಯವಾಗಿ ಲೇತ್ ಇರುವ ಗನ್‌ಸ್ಮಿತ್ ಹತ್ತಿರ ಹೋಗಬೇಕು. ಇಲ್ಲಿ ಚೇಂಬರ್ (ತೋಟಾ ಕೂರುವ ಗುಳಿ) ಕೊರೆದು ಸಿದ್ಧ ಇರುವ ನಳಿಗೆ ತರಿಸಿದರೆ ಸಾಕು. ನಾನು ತರಿಸಿದ್ದು 26 ಇಂಚಿನದು, ದಪ್ಪ ಮೈಯದು. ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೆರೆ 12 ಇಂಚಿಗೆ ಒಂದು ಸುತ್ತು. ಹಳೇ 22-250ಗಳಲ್ಲಿ 14 ಇಂಚಿಗೆ ಒಂದು ಸುತ್ತು ಇರುತ್ತದೆ, 55 ಗ್ರೇನ್ ತೂಕದ ಗುಂಡಿನವರೆಗೆ ಅದು ಸಾಕು. ನಾನು ಸೀಸ ಇಲ್ಲದ ಗುಂಡು ಬಳಸುತ್ತೇನೆ. ಹೊಲದಲ್ಲಿ ಬಿದ್ದ ಅಳಿಲನ್ನು ಹದ್ದುಗಳು ತಿನ್ನುತ್ತವೆ, ಸೀಸದ ಚೂರು ಅವುಗಳ ಹೊಟ್ಟೆ ಸೇರುತ್ತದೆ. ಸೀಸವಿಲ್ಲದ ಗುಂಡು ಅದೇ ತೂಕಕ್ಕೆ ಉದ್ದ ಜಾಸ್ತಿ. ಉದ್ದದ ಗುಂಡಿಗೆ ಸುರುಳಿ ಬಿಗಿ ಇರಬೇಕು.

ಬೇಕಾದ ಸಾಮಾನು: ನಳಿಗೆ ಹಿಡಿಯುವ ವೈಸ್, ನಟ್ಟಿನ ಸ್ಪ್ಯಾನರ್, ಥ್ರೆಡ್ ಕಚ್ಚಿಕೊಳ್ಳದಿರಲು ಆಂಟಿ-ಸೀಜ್ ಗ್ರೀಸ್, 22-250ರ ಗೋ ಮತ್ತು ನೋ-ಗೋ ಗೇಜ್. ಗೇಜ್ ಅಂದರೆ ತೋಟಾದ ಆಕಾರದ ಅಳತೆ ತುಂಡು: ಗೋ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ದುಡ್ಡು ಉಳಿಸಬೇಕು ಅಂದರೆ ಬೇರೆ ಎಲ್ಲಾದರೂ ಉಳಿಸಿ. ಗೇಜ್ ಎರಡೂ ಇರಲೇಬೇಕು.

ಕೋವಿ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ತೋಟಾಗಳನ್ನು ಬೇರೆ ಕೋಣೆಯಲ್ಲಿ ಇಡಿ. ಬೋಲ್ಟ್ ತೆಗೆಯಿರಿ, ಕಟ್ಟಿಗೆ (ಕೋವಿಯ ಮರದ ಮೈ) ಬಿಚ್ಚಿ, ದುರ್ಬೀನು ಮತ್ತು ಅದರ ಬೇಸ್ ಬಿಚ್ಚಿ. ಈ ಕೊನೆಯದನ್ನು ನಾನು ಮಾಡಿರಲಿಲ್ಲ. ಬೇಸ್‌ನ ಮುಂದಿನ ಸ್ಕ್ರೂ ಉದ್ದ ಇತ್ತು, ತುದಿ ನಳಿಗೆಯ ಥ್ರೆಡ್‌ಗೆ ಒತ್ತಿ ಕೂತಿತ್ತು. ನಟ್ಟು ಸಡಿಲವಾದರೂ ರಿಸೀವರ್ ತಿರುಗದೆ ಅರ್ಧ ಗಂಟೆ ಒದ್ದಾಡಿದೆ.

ನಳಿಗೆಯನ್ನು ಮರದ ತುಂಡುಗಳ ನಡುವೆ ವೈಸ್‌ನಲ್ಲಿ ಬಿಗಿದು, ಜಾರದಿರಲು ರಾಳದ ಪುಡಿ ಹಾಕಿ. ಹಿಂದಿನ ರಾತ್ರಿಯೇ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ನಳಿಗೆಯ ಮೂತಿಯ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಬಿಚ್ಚಬೇಕು. ಕಾರ್ಖಾನೆಯವರು ಬಿಗಿದದ್ದು ಸುಮ್ನೆ ಬರುವುದಿಲ್ಲ. ಸ್ಪ್ಯಾನರ್ ಮೇಲೆ ರಬ್ಬರ್ ಸುತ್ತಿಗೆಯಲ್ಲಿ ಒಂದು ಏಟು ಕೊಡಿ, ಟಕ್ ಅನ್ನುತ್ತದೆ.

ಈಗ ಅಸಲಿ ಕೆಲಸ. ಹೊಸ ನಳಿಗೆಯ ಥ್ರೆಡ್‌ಗೆ ತೆಳುವಾಗಿ ಗ್ರೀಸ್ ಸವರಿ. ಮೊದಲು ನಟ್ಟು, ಆಮೇಲೆ ರಿಕಾಯಿಲ್ ಲಗ್ (ಈಡಿನ ಒದೆತವನ್ನು ಕಟ್ಟಿಗೆಗೆ ದಾಟಿಸುವ ಬಿಲ್ಲೆ), ಆಮೇಲೆ ರಿಸೀವರ್. ಬೋಲ್ಟ್‌ನಿಂದ ಎಜೆಕ್ಟರ್ (ಖಾಲಿ ತೋಟಾವನ್ನು ಹೊರಗೆ ಚಿಮ್ಮಿಸುವ ಕಡ್ಡಿ) ತೆಗೆದಿಡಿ, ಇಲ್ಲದಿದ್ದರೆ ಅದರ ಸ್ಪ್ರಿಂಗ್ ಗೇಜನ್ನು ತಳ್ಳುತ್ತಾ ನಿಮಗೆ ಸುಳ್ಳು ಹೇಳುತ್ತದೆ. ಗೋ ಗೇಜ್‌ನ ಅಂಚನ್ನು ಎಕ್ಸ್‌ಟ್ರ್ಯಾಕ್ಟರ್ (ತೋಟಾ ಹೊರಗೆಳೆಯುವ) ಕೊಕ್ಕೆಯೊಳಗೆ ಸಿಕ್ಕಿಸಿ ಬೋಲ್ಟ್ ಪೂರ್ತಿ ಮುಚ್ಚಿ. ಈಗ ನಳಿಗೆಯನ್ನು ಒಳಗೆ ತಿರುಗಿಸಿ, ಗೇಜ್‌ಗೆ ಮೆತ್ತಗೆ ತಾಗುವವರೆಗೆ. ಒತ್ತಬಾರದು.

ಇದಕ್ಕೆ ಹೆಡ್‌ಸ್ಪೇಸ್ ಹೊಂದಿಸುವುದು ಅನ್ನುತ್ತಾರೆ. ತೋಟಾದ ಭುಜ (ಕುತ್ತಿಗೆಯ ಕೆಳಗಿನ ಇಳಿಜಾರು) ಚೇಂಬರಿಗೆ ತಾಗಿ ನಿಂತಾಗ ಅದರ ಬುಡಕ್ಕೂ ಬೋಲ್ಟಿಗೂ ನಡುವೆ ಎಷ್ಟು ಸಡಿಲ ಇದೆ ಅನ್ನುವುದೇ ಲೆಕ್ಕ. ಸಡಿಲ ಜಾಸ್ತಿಯಾದರೆ ಈಡು ಹೊಡೆದಾಗ ತೋಟಾದ ಹಿತ್ತಾಳೆ ಕವಚ ಎಳೆದುಕೊಂಡು ಹರಿಯಬಹುದು. 22-250ರ ಗರಿಷ್ಠ ಒತ್ತಡ ಚದರ ಇಂಚಿಗೆ 65,000 ಪೌಂಡ್. ಹರಿದರೆ ಸುಟ್ಟ ಮದ್ದಿನ ಗ್ಯಾಸ್ ಬರುವುದು ನಿಮ್ಮ ಮುಖದ ಕಡೆಗೆ.

ನಟ್ಟನ್ನು 40 ಅಡಿ-ಪೌಂಡ್ ಬಿಗಿದೆ. ಗೋ ಗೇಜ್ ಮೇಲೆ ಬೋಲ್ಟ್ ಮುಚ್ಚಿತು, ಖುಷಿಯಾಯಿತು. ನೋ-ಗೋ ಹಾಕಿದೆ. ಅದರ ಮೇಲೂ ಬೆಣ್ಣೆಯಲ್ಲಿ ಇಳಿದ ಹಾಗೆ ಮುಚ್ಚಿಕೊಂಡಿತು! ಮುಚ್ಚಲೇಬಾರದು ಅದು. ಆಗಿದ್ದು ಏನೆಂದರೆ, ನಟ್ಟು ಬಿಗಿಯುವಾಗ ರಿಸೀವರ್ ಕೂಡ ಅದರ ಜೊತೆ ಕೂದಲೆಳೆಯಷ್ಟು ತಿರುಗಿ ಹಿಂದೆ ಸರಿದಿತ್ತು. ಎರಡನೇ ಸಲ ನೆಂಟನನ್ನು ಕರೆದು ರಿಸೀವರ್ ಗಟ್ಟಿಯಾಗಿ ಹಿಡಿಸಿದೆ, ಆದರೂ ಸ್ವಲ್ಪ ಸರಿಯಿತು. ಮೂರನೇ ಸಲ ಕೂತಿತು. ಗೋ ಮೇಲೆ ಬೋಲ್ಟ್ ಹಿಡಿ ಪೂರ್ತಿ ಕೆಳಗೆ, ನೋ-ಗೋ ಮೇಲೆ ಅರ್ಧಕ್ಕೇ ನಿಂತಿತು. ಗೋ ಗೇಜ್ ಬುಡಕ್ಕೆ ಒಂದು ಪದರ ಸೆಲ್ಲೋಟೇಪ್ ಅಂಟಿಸಿಯೂ ನೋಡಿದೆ. ಹಿಡಿ ತುಸು ಬಿಗಿಯಾಯಿತು. ಅಂದರೆ ಲೆಕ್ಕ ಸರಿ ಇದೆ.

ದಪ್ಪ ನಳಿಗೆಗೆ ಹಳೇ ಕಟ್ಟಿಗೆಯ ತೋಡು ಸಾಲುವುದಿಲ್ಲ. ದುಂಡು ಕೋಲಿಗೆ ಉಪ್ಪು ಕಾಗದ ಸುತ್ತಿ ಉಜ್ಜಿದೆ. ನಳಿಗೆಗೂ ಕಟ್ಟಿಗೆಗೂ ನಡುವೆ ಒಂದು ನೋಟು ಸಲೀಸಾಗಿ ಓಡಾಡಬೇಕು. ಪರ್ಸಿನಲ್ಲಿ ಉಳಿದಿದ್ದ ಹತ್ತು ರೂಪಾಯಿ ನೋಟಿಗೆ ಇಲ್ಲಿ ಸಿಕ್ಕಿದ ಕೆಲಸ ಇದೊಂದೇ.

ಎಜೆಕ್ಟರ್ ವಾಪಸ್ ಹಾಕಿ. ಮದ್ದಿಲ್ಲದ ಡಮ್ಮಿ ತೋಟಾ ಮ್ಯಾಗಜಿನ್‌ಗೆ ತುಂಬಿ ಒಂದೊಂದಾಗಿ ಹೋಗುತ್ತದಾ ನೋಡಿ. ರೇಂಜಿನಲ್ಲಿ ಮೊದಲು 25 ಗಜ, ಆಮೇಲೆ 100. ಮೊದಲ ಈಡಿನ ಹಿತ್ತಾಳೆಯನ್ನು ಕೈಯಲ್ಲಿ ಹಿಡಿದು ನೋಡಿ. ಬುಡದ ಹತ್ತಿರ ಸುತ್ತಲೂ ಹೊಳೆಯುವ ಗೆರೆ ಇದ್ದರೆ, ಪ್ರೈಮರ್ (ಬುಡದ ನಡುವೆ ಕಿಡಿ ಹಚ್ಚುವ ಸಣ್ಣ ಬಟ್ಟಲು) ಹೊರಗೆ ಚಾಚಿದ್ದರೆ ಅಲ್ಲೇ ನಿಲ್ಲಿಸಿ. ನನ್ನದು ಶುದ್ಧವಾಗಿತ್ತು. 200 ಗಜಕ್ಕೆ ಹೊಂದಿಸಿದರೆ 300ರಲ್ಲಿ ಸುಮಾರು 6 ಇಂಚು ಇಳಿಯುತ್ತದೆ, ಅಳಿಲಿನ ಬೇಟೆಗೆ ಇನ್ನೇನು ಬೇಕು. ಒಂದೇ ಎಚ್ಚರ, ನಳಿಗೆ ಮುಟ್ಟಲಾಗದಷ್ಟು ಬಿಸಿಯಾದರೆ ಕೆಳಗಿಡಿ. ಬಿಸಿಯಲ್ಲೇ ಹೊಡೆಯುತ್ತಾ ಹೋದರೆ ಈ ತೋಟಾ ನಳಿಗೆಯ ಗಂಟಲನ್ನು, ಅಂದರೆ ಸುರುಳಿ ಶುರುವಾಗುವ ಜಾಗವನ್ನು, ಬೇಗ ತಿಂದು ಹಾಕುತ್ತದೆ.

ಹಳೇ 243 ನಳಿಗೆಗೆ ಎಣ್ಣೆ ಸವರಿ ಪಂಚೆ ತುಂಡಿನಲ್ಲಿ ಸುತ್ತಿಟ್ಟಿದ್ದೇನೆ. ಅಕ್ಟೋಬರ್‌ನಲ್ಲಿ ಜಿಂಕೆಗೆ ಅದೇ ವಾಪಸ್. ಆದರೆ ಅದಕ್ಕೆ 243ರದೇ ಗೇಜ್ ಬೇಕು, ಆರ್ಡರ್ ಮಾಡಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.