ನಾಯಿಗೊಂದು ಗಾಡಿ, ಗಾಡಿಗೊಂದು ಮಿಣುಕು ದೀಪ

ಹಿಂಗಾಲು ಸೋತ ನಮ್ಮ ನಾಯಿ ಗುಂಡನಿಗೆ ಓಡಾಡಲು ಮಾಡಿದ ಮೊದಲ ಗಾಡಿ ಎರಡೇ ದಿನಕ್ಕೆ ಮೂಲೆ ಸೇರಿತು. ಅವನು ಮಲಗಿದ್ದಾಗಲೇ ಟೇಪು ಹಿಡಿದು ಅಳತೆ ತೆಗೆದಿದ್ದೆ. ಮಲಗಿದ ನಾಯಿಯ ಅಳತೆ ಬೇರೆ, ನಿಂತ ನಾಯಿಯದು ಬೇರೆ ಅಂತ ಗೊತ್ತಾಗುವಷ್ಟರಲ್ಲಿ ಪೈಪಿಗೆಲ್ಲ ಸಲ್ಯೂಷನ್, ಅಂದರೆ ಪೈಪಿನ ಅಂಟು, ಹಚ್ಚಿ ಆಗಿತ್ತು. ಪಿವಿಸಿ ಜಾಯಿಂಟು ಒಮ್ಮೆ ಹಿಡಿದರೆ ಮತ್ತೆ ಬಿಡುವುದಿಲ್ಲ. ಗರಗಸ ಹಾಕಿ ಕತ್ತರಿಸಿದೆ. ಮೂಲೆ ಜೋಡಿಸುವ ಎಲ್ಬೋಗಳೆಲ್ಲ ಕಸಕ್ಕೆ ಹೋದವು. ಎರಡನೇ ಗಾಡಿಗೆ ಒಂದೇ ನಿಯಮ ಇಟ್ಟುಕೊಂಡೆ: ಅಂಟು ಕೊನೆಗೆ. ಆಮೇಲೆ ಗಾಡಿಯ ಹಿಂದೆ ಮಿನುಗುವ ದೀಪಕ್ಕೆ ಸರ್ಕ್ಯೂಟ್ ಬೋರ್ಡ್ ಮಾಡುವಾಗಲೂ ಅದೇ ನಿಯಮ ಕೈ ಹಿಡಿಯಿತು. ಹಿಡಿಯುವ ಮುಂಚೆ ಒಂದು ಸಲ ಕೈ ಕೊಟ್ಟಿತು ಕೂಡ. ಅದನ್ನೂ ಹೇಳುತ್ತೇನೆ.

ಮೊದಲು ಡಾಕ್ಟರು, ಆಮೇಲೆ ಪೈಪು

ನಿನ್ನೆ ಓಡಾಡುತ್ತಿದ್ದ ನಾಯಿ ಇವತ್ತು ಹಿಂಗಾಲು ಎಳೆಯುತ್ತಿದ್ದರೆ ಗಾಡಿ ಮಾಡುತ್ತಾ ಕೂರಬೇಡಿ. ಬೆನ್ನುಮೂಳೆಯ ಡಿಸ್ಕ್ ಜಾರಿರಬಹುದು. ಡ್ಯಾಷ್‌ಹಂಡ್‌ನಂಥ ಉದ್ದ ಬೆನ್ನಿನ ನಾಯಿಗಳಲ್ಲಿ ಇದು ಜಾಸ್ತಿ. ಅಂಥ ಹೊತ್ತಿನಲ್ಲಿ ಗಂಟೆಗಳ ಲೆಕ್ಕ. ನೇರ ಪಶುವೈದ್ಯರ ಹತ್ತಿರ ಹೋಗಬೇಕು. ಗಾಡಿಯ ಮಾತು ಬರುವುದು ಚಿಕಿತ್ಸೆ ಮುಗಿದ ಮೇಲೆ ಅಥವಾ ವಯಸ್ಸಿಗೆ ಹಿಂಗಾಲು ನಿಧಾನವಾಗಿ ಸೋತಾಗ. ಅದಕ್ಕೂ ಮುಂಗಾಲು ಗಟ್ಟಿಯಾಗಿರಬೇಕು. ಇಡೀ ಗಾಡಿಯನ್ನು ಎಳೆಯುವುದು ಅವೇ ಅಲ್ವಾ.

ಅಳತೆಗೆ ಇಬ್ಬರು ಬೇಕು

ಒಬ್ಬರು ನಾಯಿಯ ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ಒಂದು ಟವೆಲ್ ಹಾಯಿಸಿ ಎರಡೂ ತುದಿ ಹಿಡಿದು ಮೇಲೆತ್ತಿ. ಬೆನ್ನು ಮಟ್ಟವಾಗುವಷ್ಟೇ ಎತ್ತಿ. ಪಕ್ಕದಿಂದ ಒಂದು ಫೋಟೋ ತೆಗೆದರೆ ಮಟ್ಟ ಇದೆಯಾ ಇಲ್ಲವಾ ಎಂದು ಸುಲಭವಾಗಿ ಕಾಣುತ್ತದೆ. ಇನ್ನೊಬ್ಬರು ಮೂರು ಅಳತೆ ಬರೆದುಕೊಳ್ಳಿ.

ಎತ್ತರ: ನೆಲದಿಂದ ತೊಡೆಸಂದಿಗೆ, ಅಂದರೆ ಹಿಂಗಾಲು ಹೊಟ್ಟೆಗೆ ಸೇರುವ ಮಡಿಕೆಗೆ. ಸೀಟು ಬರುವುದು ಅಲ್ಲಿ.
ಅಗಲ: ಸೊಂಟದ ಅತಿ ದಪ್ಪನೆಯ ಜಾಗ. ಅದಕ್ಕೆ ಎರಡೂ ಕಡೆ 2ರಿಂದ 3 ಸೆಂಟಿಮೀಟರ್ ಸೇರಿಸಿ.
ಉದ್ದ: ಭುಜದ ಮುಂತುದಿಯಿಂದ ತೊಡೆಯ ಹಿಂಭಾಗದವರೆಗೆ.

ಈ ಮೂರನ್ನು ರಟ್ಟಿನ ಮೇಲೆ ಎಳೆದು, ಕತ್ತರಿಸಿ, ನಾಯಿಯ ಪಕ್ಕಕ್ಕೆ ಹಿಡಿದು ನೋಡಿ. ರಟ್ಟಿನಲ್ಲಿ ಆಗುವ ತಪ್ಪಿಗೆ ಖರ್ಚಿಲ್ಲ.

ಚೌಕಟ್ಟು

ಸಣ್ಣ ನಾಯಿಗೆ ಅರ್ಧ ಇಂಚಿನ ಪೈಪು ಸಾಕು. ದೊಡ್ಡದಕ್ಕೆ ಮುಕ್ಕಾಲು ಇಂಚು. ಮೇಲಿನಿಂದ ನೋಡಿದರೆ ಚೌಕಟ್ಟು ಮುಂದುಗಡೆ ಬಾಯಿ ತೆರೆದ ಪೆಟ್ಟಿಗೆಯ ಹಾಗೆ ಇರಬೇಕು. ನಾಯಿಯ ಎರಡೂ ಪಕ್ಕದಲ್ಲಿ ಒಂದೊಂದು ಉದ್ದ ಪೈಪು, ಬಾಲದ ಹಿಂದೆ ಅವನ್ನು ಸೇರಿಸುವ ಒಂದು ಅಡ್ಡ ಪೈಪು. ಪಕ್ಕದ ಪೈಪುಗಳಿಗೆ ಸೊಂಟದ ಹತ್ತಿರ ಒಂದೊಂದು ಟೀ (T ಆಕಾರದ ಜಾಯಿಂಟು) ಹಾಕಿ, ಅಲ್ಲಿಂದ ಚಕ್ರಕ್ಕೆ ಪೈಪಿನ ಕಾಲು ಇಳಿಸಿ. ಈ ಎರಡು ಕಾಲುಗಳನ್ನು ಸುಮ್ನೆ ಹಾಗೇ ಬಿಟ್ಟರೆ ಭಾರ ಬಿದ್ದಾಗ ಹೊರಕ್ಕೆ ಚೆಲ್ಲಿಕೊಳ್ಳುತ್ತವೆ. ಅದಕ್ಕೆ ಕೆಳಗೂ ಒಂದು ಪೈಪು ನಾಯಿಯ ಹಿಂಗಾಲಿನ ಹಿಂದಿನಿಂದ ಸುತ್ತಿ ಬಂದು ಎರಡನ್ನೂ ಹಿಡಿಯಬೇಕು. ಕಾಲುಗಳ ನಡುವೆ ನೇರ ಅಡ್ಡ ಸರಳು ಹಾಕಬೇಡಿ, ಪಾದಕ್ಕೆ ಬಡಿಯುತ್ತದೆ. ಒಂದೊಂದು ಚಕ್ರಕ್ಕೂ ಅದರದೇ ಬೋಲ್ಟು, ಎರಡೂ ಕಡೆ ವಾಷರ್, ಹೊರಗೆ ಲಾಕ್ ನಟ್ಟು. ಹಳೇ ಮಕ್ಕಳ ಗಾಡಿಯ ಚಕ್ರ ಚೆನ್ನಾಗಿ ಹೊಂದುತ್ತದೆ. ಚಕ್ರ ದೊಡ್ಡದಾದಷ್ಟೂ ಕಲ್ಲು, ಗುಂಡಿ ಸುಲಭವಾಗಿ ದಾಟುತ್ತದೆ.

ಎಲ್ಲವನ್ನೂ ಅಂಟಿಲ್ಲದೆ ಒತ್ತಿ ಜೋಡಿಸಿ. ಪೈಪಿನ ಕತ್ತರಿಸಿದ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ.

ಚಕ್ರ ಎಲ್ಲಿ ಬರಬೇಕು

ಇಡೀ ಗಾಡಿಯ ಜೀವ ಇರುವುದು ಇಲ್ಲೇ. ಗಾಡಿ ಒಂದು ತೂಗುಹಲಗೆ ಇದ್ದಂತೆ, ಚಕ್ರವೇ ಅದರ ನಡುಗಂಬ. ಚಕ್ರ ತೀರಾ ಹಿಂದೆ ಹೋದರೆ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ತೀರಾ ಮುಂದೆ ಬಂದರೆ ನಾಯಿ ಹಿಂದಕ್ಕೆ ವಾಲುತ್ತದೆ, ಮುಂಗಾಲು ನೆಲ ಬಿಡುತ್ತದೆ. ಸೊಂಟದ ಕೀಲಿನ ನೇರ ಕೆಳಗೆ ಅಥವಾ ಅದಕ್ಕಿಂತ ಒಂದೆರಡು ಬೆರಳು ಮುಂದೆ ಇಟ್ಟು ಶುರು ಮಾಡಿ. ನಾಯಿಯನ್ನು ಕೂರಿಸಿದ ಮೇಲೆ ಚೌಕಟ್ಟಿನ ಮುಂತುದಿಗಳ ಕೆಳಗೆ ಎರಡು ಬೆರಳು ಇಟ್ಟು ಎತ್ತಿ ನೋಡಿ. ಬೆರಳಿಗೆ ಹಗುರವಾಗಿ ತಗುಲಬೇಕು. ಕೈ ಸೋಲುವಷ್ಟು ಭಾರ ಇದ್ದರೆ ಟೀಯನ್ನು ಮುಂದಕ್ಕೆ ತನ್ನಿ, ತಾನೇ ಮೇಲೇಳುತ್ತಿದ್ದರೆ ಹಿಂದಕ್ಕೆ ತಳ್ಳಿ. ಗುಂಡನ ಎರಡನೇ ಗಾಡಿಯಲ್ಲಿ ಟೀ ಮೂರು ಸಲ ಜಾಗ ಬದಲಿಸಿತು. ಮೊದಲನೇ ಸಲ ಅವನ ಮುಂಗಾಲು ನಡುಗುತ್ತಿತ್ತು. ನಾನು ಅದನ್ನು ಹೆದರಿಕೆ ಅಂದುಕೊಂಡಿದ್ದೆ. ಟೀ ಮೂರು ಸೆಂಟಿಮೀಟರ್ ಮುಂದೆ ಬಂದದ್ದೇ ನಡುಕ ನಿಂತಿತು.

ಸೀಟು, ಬೆಲ್ಟು

ಹಳೇ ಜೀನ್ಸ್ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಹಿಂಗಾಲು ಹೋಗಲು ಎರಡು ತೂತು ಬಿಟ್ಟು ಹೊಲಿಯಿರಿ. ತೂತಿನ ಅಂಚಿಗೆ ಸ್ಪಂಜು ಸುತ್ತಿ. ಇದು ಪಕ್ಕದ ಪೈಪುಗಳಿಂದ ತೂಗಬೇಕು. ಎದೆಗೆ ಮಾಮೂಲಿ ನಾಯಿ ಹಾರ್ನೆಸ್ ಹಾಕಿ ಬಕಲ್‌ನಿಂದ ಪೈಪಿಗೆ ಕಟ್ಟಿ. ಗಂಡು ನಾಯಿ ಆದರೆ ಬೆಲ್ಟು ಉಚ್ಚೆಗೆ ಅಡ್ಡ ಬರದಂತೆ ನೋಡಿಕೊಳ್ಳಿ. ಇದನ್ನು ಮರೆತರೆ ಬಟ್ಟೆ ದಿನಾ ಒಗೆಯಬೇಕಾಗುತ್ತದೆ. ಕಾಲಿನಲ್ಲಿ ಸ್ವಲ್ಪ ಚಲನೆ ಇದ್ದರೆ ಪಾದ ನೆಲ ಮುಟ್ಟುವಂತೆ ಬಿಡಿ. ಪೂರ್ತಿ ಎಳೆಯುತ್ತಿದ್ದರೆ ಪಾದವನ್ನು ಬಟ್ಟೆಯ ಕುಣಿಕೆಯಲ್ಲಿ ಮೇಲಕ್ಕೆ ತೂಗುಹಾಕಿ, ಇಲ್ಲವಾದರೆ ಚರ್ಮ ಕಿತ್ತುಬರುತ್ತದೆ.

ಮೊದಲ ದಿನ ಐದು ನಿಮಿಷ ಸಾಕು. ಇಳಿಸಿದ ಮೇಲೆ ತೊಡೆಸಂದಿ, ಕಂಕುಳು ಕೆಂಪಾಗಿದೆಯಾ ನೋಡಿ. ಒಂದು ವಾರ ಏನೂ ತೊಂದರೆ ಇಲ್ಲದೆ ಓಡಾಡಿದರೆ ಆಗ, ಆಗ ಮಾತ್ರ, ಕಿಟಕಿ ತೆರೆದಿಟ್ಟು ಸಲ್ಯೂಷನ್ ಹಚ್ಚಿ. ಗಾಡಿಯಲ್ಲಿ ನಾಯಿಗೆ ಮಲಗಲು ಆಗುವುದಿಲ್ಲ. ಹಾಗಾಗಿ ಅದನ್ನು ಗಾಡಿಯಲ್ಲೇ ಬಿಟ್ಟು ಎಲ್ಲೂ ಹೋಗಬೇಡಿ.

ಇನ್ನು ದೀಪ

ಸಂಜೆ ಕತ್ತಲಲ್ಲಿ ಇಷ್ಟು ತಗ್ಗಿನ ಗಾಡಿ ಯಾರಿಗೂ ಕಾಣುವುದಿಲ್ಲ. ಅದಕ್ಕೆ ಹಿಂದೆ ಮಿನುಗುವ ಒಂದು ಕೆಂಪು ಎಲ್‌ಇಡಿ. ರೆಡಿಮೇಡ್ ಸಿಗುತ್ತದೆ, ಆದರೆ ಮೊದಲ ಸಲ ಬೋರ್ಡ್ ಮಾಡಿ ಕಲಿಯಲು ಇದಕ್ಕಿಂತ ಸುಲಭದ ಸರ್ಕ್ಯೂಟ್ ಇಲ್ಲ. ಬೇಕಾಗುವುದು 555 ಅನ್ನುವ ಎಂಟು ಕಾಲಿನ ಟೈಮರ್ ಚಿಪ್ಪು. 1971ರಲ್ಲಿ ಹ್ಯಾನ್ಸ್ ಕ್ಯಾಮೆಂಜಿಂಡ್ ಇದರ ವಿನ್ಯಾಸ ಮಾಡಿದರು. ಇವತ್ತಿಗೂ ಹವ್ಯಾಸಿಗಳ ಡಬ್ಬಿಯಲ್ಲಿ ಇದು ಇದ್ದೇ ಇರುತ್ತದೆ.

ಚಿಪ್ಪಿನ ಕಚ್ಚನ್ನು ಎಡಕ್ಕಿಟ್ಟು ಮೇಲಿನಿಂದ ನೋಡಿದರೆ ಕೆಳಸಾಲಿನಲ್ಲಿ ಎಡದಿಂದ 1ರಿಂದ 4, ಮೇಲಿನ ಸಾಲಿನಲ್ಲಿ ಬಲದಿಂದ 5ರಿಂದ 8ನೇ ಕಾಲು. ಜೋಡಣೆ ಹೀಗೆ: 1ನೇ ಕಾಲು ಬ್ಯಾಟರಿಯ ಮೈನಸ್‌ಗೆ, 8 ಮತ್ತು 4 ಪ್ಲಸ್‌ಗೆ. ಪ್ಲಸ್‌ನಿಂದ 7ಕ್ಕೆ 10 ಕಿಲೋ ಓಮ್ ರೆಸಿಸ್ಟರ್, 7ರಿಂದ 6ಕ್ಕೆ 68 ಕಿಲೋ ಓಮ್. 6 ಮತ್ತು 2 ಒಂದಕ್ಕೊಂದು ಸೇರಿ, ಅಲ್ಲಿಂದ ಮೈನಸ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದರ ಪಟ್ಟಿ ಇರುವ ಕಡೆ ಮೈನಸ್. 5ರಿಂದ ಮೈನಸ್‌ಗೆ 0.01 ಮೈಕ್ರೋಫ್ಯಾರಡ್. 3ರಿಂದ 470 ಓಮ್ ದಾಟಿ ಎಲ್‌ಇಡಿಯ ಉದ್ದ ಕಾಲಿಗೆ, ಗಿಡ್ಡ ಕಾಲು ಮೈನಸ್‌ಗೆ. 9 ವೋಲ್ಟ್ ಬ್ಯಾಟರಿ ಕೊಟ್ಟರೆ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಮಿನುಗುತ್ತದೆ. ಮೊದಲು ಬ್ರೆಡ್‌ಬೋರ್ಡ್ ಮೇಲೆ, ಅಂದರೆ ಬೆಸೆಯದೆ ಚುಚ್ಚಿ ಜೋಡಿಸುವ ತೂತಿನ ಹಲಗೆಯ ಮೇಲೆ, ಮಿನುಗಿಸಿ. ಅಲ್ಲಿ ಮಿನುಗದ್ದು ಸರ್ಕ್ಯೂಟ್ ಬೋರ್ಡಿನ ತಾಮ್ರದ ಮೇಲೂ ಮಿನುಗುವುದಿಲ್ಲ.

ಈಗ ನಾನು ಎಡವಿದ ಜಾಗ. ಚಿಪ್ಪು ಕೂರುವುದು ಬೋರ್ಡಿನ ಒಂದು ಕಡೆ, ತಾಮ್ರದ ದಾರಿ ಇರುವುದು ಇನ್ನೊಂದು ಕಡೆ. ಮೇಲಿನಿಂದ ನೋಡಿ ಬಿಡಿಸಿದ ನಕ್ಷೆಯನ್ನೇ ತಾಮ್ರದ ಮೇಲೆ ಬಿಡಿಸಿದರೆ ಎಡ ಬಲ ಅದಲುಬದಲು. ನನ್ನ ಮೊದಲ ಬೋರ್ಡಿನಲ್ಲಿ ಅದೇ ಆಯಿತು. ಕೊನೆಗೆ ಚಿಪ್ಪನ್ನು ತಾಮ್ರದ ಕಡೆಯಿಂದಲೇ ತೂರಿಸಿ ಬೆಸೆದೆ. ಕೆಲಸ ಮಾಡಿತು, ನೋಡಲು ಮಾತ್ರ ಅಂಗಿ ತಿರುಗಿಸಿ ಹಾಕಿಕೊಂಡ ಹಾಗಿತ್ತು.

ತಪ್ಪದಿರಲು ಹೀಗೆ ಮಾಡಿ. ನಕ್ಷೆಯನ್ನು ತೆಳು ಕಾಗದದ ಮೇಲೆ ನಿಜ ಅಳತೆಯಲ್ಲಿ ಬಿಡಿಸಿ. ಚಿಪ್ಪಿನ ಕಾಲುಗಳ ನಡುವೆ 2.54 ಮಿಲಿಮೀಟರ್, ಎರಡು ಸಾಲುಗಳ ನಡುವೆ 7.62. ಕಾಗದವನ್ನು ಬೋರಲು ಮಾಡಿ ಕಿಟಕಿ ಗಾಜಿಗೆ ಹಿಡಿಯಿರಿ. ಬೆಳಕಿಗೆ ಕಾಣುವ ಗೆರೆಗಳನ್ನು ಹಿಂಬದಿಗೂ ಎಳೆಯಿರಿ. ಆ ಹಿಂಬದಿ ಮೇಲೆ ಬರುವಂತೆ ಕಾಗದವನ್ನು ತಾಮ್ರಕ್ಕೆ ಟೇಪು ಹಚ್ಚಿ, ಒಂದೊಂದು ಕಾಲಿನ ಜಾಗದಲ್ಲಿ ಮೊಳೆಯಿಂದ ಸಣ್ಣ ಚುಕ್ಕಿ ಒತ್ತಿ. ಕಾಗದ ತೆಗೆದು, ತಾಮ್ರವನ್ನು ಹೊಳೆಯುವ ತನಕ ಉಜ್ಜಿ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ, ಜಿಡ್ಡಿದ್ದಲ್ಲಿ ಶಾಯಿ ಹಿಡಿಯುವುದಿಲ್ಲ. ಪರ್ಮನೆಂಟ್ ಮಾರ್ಕರ್‌ನಿಂದ ಚುಕ್ಕಿಗಳನ್ನು ಸೇರಿಸಿ, ಒಣಗಿದ ಮೇಲೆ ಇನ್ನೊಂದು ಸಲ ಎಳೆಯಿರಿ.

ಮುಂದಿನದು ತಾಮ್ರ ಕರಗಿಸುವ ಪುಡಿ, ಫೆರಿಕ್ ಕ್ಲೋರೈಡ್. ಗ್ಲೌಸು, ಕನ್ನಡಕ ಹಾಕಿ. ಪ್ಲಾಸ್ಟಿಕ್ ತಟ್ಟೆ ಮಾತ್ರ ಬಳಸಿ. ಲೋಹದ ತಟ್ಟೆಯನ್ನು ಇದು ತಿಂದುಹಾಕುತ್ತದೆ, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಿ, ಪುಡಿಯ ಮೇಲೆ ನೀರು ಸುರಿಯಬೇಡಿ. ತಟ್ಟೆಯನ್ನು ನಿಧಾನವಾಗಿ ತೂಗುತ್ತಿರಿ. ಶಾಯಿ ಇಲ್ಲದ ಕಡೆ ತಾಮ್ರ ಅಂಚಿನಿಂದ ಕರಗುತ್ತಾ ಬಂದು, ಅದರಡಿಯ ಹಲಗೆಯ ಬಣ್ಣ ಕಾಣಿಸುತ್ತದೆ. ದ್ರಾವಣ ಉಗುರುಬೆಚ್ಚಗಿದ್ದರೆ ಇಪ್ಪತ್ತು ನಿಮಿಷದ ಆಸುಪಾಸು. ಕೊನೆಯ ಚೂರು ಹೋದ ಕೂಡಲೇ ತೆಗೆದು ತೊಳೆಯಿರಿ, ಇನ್ನೂ ಬಿಟ್ಟರೆ ಗೆರೆಗಳೇ ಸವೆಯುತ್ತವೆ. ಉಳಿದ ದ್ರಾವಣವನ್ನು ಸಿಂಕಿಗೆ ಮಾತ್ರ ಸುರಿಯಬೇಡಿ. ಅದರಲ್ಲಿ ಕರಗಿದ ತಾಮ್ರ ನೀರಿನ ಜೀವಿಗಳಿಗೆ ವಿಷ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಹೆಸರು ಬರೆದಿಡಿ. ಹಲವು ಬೋರ್ಡಿಗೆ ಬರುತ್ತದೆ. ಸತ್ವ ಮುಗಿದ ಮೇಲೆ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

0.8 ಮಿಲಿಮೀಟರ್ ಬಿಟ್‌ನಿಂದ ತೂತು ಕೊರೆಯಿರಿ, ಮಾಸ್ಕ್ ಹಾಕಿಕೊಂಡು. ಬೆಸುಗೆಯಲ್ಲಿ ಗುಟ್ಟೇನಿಲ್ಲ. ಬೆಸುಗೆ ಕೋಲಿನ ಬಿಸಿ ಮುಳ್ಳು ಕಾಲಿಗೂ ತಾಮ್ರಕ್ಕೂ ಒಟ್ಟಿಗೆ ತಾಗಬೇಕು. ಬೆಸೆಯುವ ಸೀಸದ ತಂತಿಯನ್ನು ಮುಳ್ಳಿಗಲ್ಲ, ಕಾಲಿಗೆ ಮುಟ್ಟಿಸಬೇಕು. ಗುಂಡುಗುಂಡಾಗಿ ಮಣಿಯಂತೆ ನಿಂತರೆ ಹಿಡಿದಿಲ್ಲ ಅಂತ ಅರ್ಥ.

ಬೋರ್ಡು, ಬ್ಯಾಟರಿ ಎರಡನ್ನೂ ಮುಚ್ಚಳ ಬಿಗಿಯಾದ ಸಣ್ಣ ಡಬ್ಬಿಯಲ್ಲಿಟ್ಟು ಬಾಲದ ಹಿಂದಿನ ಅಡ್ಡ ಪೈಪಿಗೆ ಟೈ ಹಾಕಿ ಕಟ್ಟಿ. ಎಲ್‌ಇಡಿ ಹಿಂದಕ್ಕೆ ಮುಖ ಮಾಡಿರಲಿ. ಮನೆಗೆ ಬಂದು ಗಾಡಿ ಬಿಚ್ಚಿದ ಕೂಡಲೇ ಡಬ್ಬಿಯನ್ನು ಕಪಾಟಿಗೆ ಸೇರಿಸಿ. ಗಾಡಿಯಲ್ಲಿದ್ದಾಗ ಗುಂಡನಿಗೆ ಅದು ಎಟುಕುವುದಿಲ್ಲ. ಇಳಿಸಿದ ಮೇಲೆ ಮೊದಲು ಮೂಸುವುದೇ ಅದನ್ನು.