ನಾಲ್ಕು ನಕಲುಗಳು ಮತ್ತು ಒಂದು 255

ಆ ಪುಲ್ ರಿಕ್ವೆಸ್ಟ್ (ಕೋಡಿನ ಬದಲಾವಣೆಯನ್ನು ಪರಿಶೀಲಿಸಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ನನ್ನ ಸರದಿಗೆ ಬಂದಾಗ ಹತ್ತು ನಿಮಿಷದಲ್ಲಿ ಒಪ್ಪಿಗೆ ಕೊಟ್ಟು ಏಳೋಣವೆಂದುಕೊಂಡಿದ್ದೆ. ಪ್ರೋಗ್ರಾಮುಗಳು ದತ್ತಾಂಶ ಹಂಚಿಕೊಳ್ಳಲು ಬಳಸುವ ಜೇಸನ್ ಪಠ್ಯವನ್ನು ಜಾವಾ ಆಬ್ಜೆಕ್ಟ್‌ಗಳಾಗಿಸುವ ಲೈಬ್ರರಿ ನಮ್ಮದು. ಬೈಟ್, ಶಾರ್ಟ್, ಇಂಟ್, ಲಾಂಗ್ ಎಂಬ ನಾಲ್ಕು ಪೂರ್ಣಾಂಕ ಟೈಪುಗಳಿಗೆ ಬೇರೆ ಬೇರೆ ಡಿಸೀರಿಯಲೈಸರ್‌ಗಳಿದ್ದವು, ಅಂದರೆ ಪಠ್ಯವನ್ನು ಆ ಟೈಪಿನ ಮೌಲ್ಯವಾಗಿಸುವ ಕ್ಲಾಸುಗಳು. ಓದಿದ ತುಣುಕು (ಟೋಕನ್) ಸಂಖ್ಯೆಯೋ, ಅಕ್ಷರಗಳ ಸ್ಟ್ರಿಂಗೋ, ಏನೂ ಇಲ್ಲವೆನ್ನುವ ನಲ್ಲೋ ಎಂದು ನೋಡುವ ಅದೇ ಸ್ವಿಚ್ ನಾಲ್ಕು ಕಡೆ. ಸಹೋದ್ಯೋಗಿ ಅದನ್ನೆಲ್ಲ ಒಂದು ಮೂಲ ಕ್ಲಾಸಿಗೆ ಎತ್ತಿದ್ದರು. ಟೆಸ್ಟ್‌ಗಳೆಲ್ಲ ಹಸಿರು.

ಡಿಫ್, ಅಂದರೆ ಅಳಿಸಿದ-ಸೇರಿಸಿದ ಸಾಲುಗಳ ಪಟ್ಟಿ, ಓದಿ ಪ್ರಯೋಜನವಾಗಲಿಲ್ಲ. ಅಳಿಸಿದ ಸಾಲುಗಳು ನಾಲ್ಕು ಫೈಲುಗಳಲ್ಲಿ ಚದುರಿರುತ್ತವೆ, ಸೇರಿಸಿದವು ಒಂದೇ ಕಡೆ ಅಚ್ಚುಕಟ್ಟಾಗಿರುತ್ತವೆ. ಕಣ್ಣು ಅಚ್ಚುಕಟ್ಟಾದುದನ್ನೇ ಓದಿ ತಲೆಯಾಡಿಸುತ್ತದೆ. ಹಾಗಾಗಿ ಹೊಸ ಕೋಡನ್ನು ಬದಿಗಿಟ್ಟು, ಹಳೆಯ ಬ್ರಾಂಚಿನ (ಬದಲಾವಣೆಗೆ ಮುಂಚಿನ ಕೋಡಿನ) ನಾಲ್ಕು ಫೈಲುಗಳನ್ನು ಒಂದರೊಡನೊಂದು ಹೋಲಿಸಿದೆ. ಅದಕ್ಕೂ ಮುಂಚೆ ಟೈಪುಗಳ ಹೆಸರನ್ನೆಲ್ಲ ಒಂದೇ ಪದಕ್ಕೆ ಬದಲಿಸಿಕೊಂಡೆ, ಇಲ್ಲದಿದ್ದರೆ ಆ ಗದ್ದಲದಲ್ಲಿ ಏನೂ ಕಾಣುವುದಿಲ್ಲ. ಕೊನೆಗೆ ಐದು ವ್ಯತ್ಯಾಸ ಉಳಿದವು. ಮೂರು ಲೆಕ್ಕಕ್ಕಿಲ್ಲದವು.

ನಾಲ್ಕನೆಯದು ಬೈಟ್‌ನ ಮಿತಿ. ಜಾವಾದಲ್ಲಿ ಅದು -128ರಿಂದ 127. ನಮ್ಮ ಹಳೆಯ ಕೋಡು ಮಾತ್ರ 255ರ ತನಕ ಒಪ್ಪುತ್ತಿತ್ತು. 200 ಬಂದರೆ -56 ಎಂದು ಇಟ್ಟುಕೊಳ್ಳುತ್ತಿತ್ತು. ಹೊಸ ಮೂಲ ಕ್ಲಾಸು ಟೈಪಿನ ಸ್ವಂತ ಗರಿಷ್ಠವನ್ನೇ ನೋಡುತ್ತಿದ್ದುದರಿಂದ 200ಕ್ಕೆ ಎಕ್ಸೆಪ್ಶನ್, ಅಂದರೆ ದೋಷ. ಹಳೆಯದೇ ತಪ್ಪು, ಈಗ ತಾನಾಗಿ ಸರಿಹೋಗಿದೆ ಎಂದರು ಸಹೋದ್ಯೋಗಿ. ಅರೆಕ್ಷಣ ನಾನೂ ಒಪ್ಪಿದೆ. ಆದರೆ ಚಿಹ್ನೆಯಿಲ್ಲದ (0ಯಿಂದ 255ರ) ಬೈಟ್ ಕಳುಹಿಸುವ ಪ್ರೋಗ್ರಾಮುಗಳು ಬಹಳ. ಇದೇ ಕೆಲಸ ಮಾಡುವ ಜಾಕ್ಸನ್ ಲೈಬ್ರರಿ ಕೂಡ ಇದೇ ಕಾರಣಕ್ಕೆ 255ರವರೆಗೆ ಬಿಟ್ಟುಕೊಡುತ್ತದೆ. ಯಾವ ಸಾಲನ್ನು ಯಾರು ಸೇರಿಸಿದರೆಂದು ತೋರಿಸುವ ಗಿಟ್ ಬ್ಲೇಮ್ ನೋಡಿದರೆ ಆ ಸಾಲು ಬಳಕೆದಾರರೊಬ್ಬರ ದೂರಿನ ಮೇಲೆ ಸೇರಿದ್ದು. ಸೇರಿಸಿದವನು ನಾನೇ. ಟೆಸ್ಟ್ ಬರೆಯದವನೂ ನಾನೇ.

ಐದನೆಯದು ಖಾಲಿ ಸ್ಟ್ರಿಂಗ್. ನಮ್ಮಲ್ಲಿ ಅದು ಇಂಟ್‌ನಂಥ ಪ್ರಿಮಿಟಿವ್‌ಗೆ 0, ಇಂಟಿಜರ್‌ನಂಥ ಆಬ್ಜೆಕ್ಟ್‌ಗೆ ನಲ್. ಲಾಂಗ್ ಮಾತ್ರ ಟ್ರಿಮ್ ಮಾಡಿದ (ಎರಡೂ ತುದಿಯ ಸ್ಪೇಸ್ ತೆಗೆದ) ಮೇಲೆ ಖಾಲಿಯೇ ಎಂದು ಪರೀಕ್ಷಿಸುತ್ತಿತ್ತು, ಉಳಿದ ಮೂರೂ ಟ್ರಿಮ್‌ಗೆ ಮೊದಲೇ. ಹೀಗಾಗಿ ಬರೀ ಸ್ಪೇಸ್‌ಗಳಿದ್ದ ಸ್ಟ್ರಿಂಗ್ ಒಂದು ಕಡೆ ದಾಟುತ್ತಿತ್ತು, ಮೂರು ಕಡೆ ದೋಷವಾಗುತ್ತಿತ್ತು. ಇದಕ್ಕೆ ಇತಿಹಾಸದಲ್ಲಿ ಯಾವ ಕಾರಣವೂ ಸಿಗಲಿಲ್ಲ, ಅಪ್ಪಟ ಬಗ್. ಆದರೂ ಇದೇ ಪುಲ್ ರಿಕ್ವೆಸ್ಟ್‌ನಲ್ಲಿ ಮುಟ್ಟಬೇಡಿ ಎಂದೆ. ಮುಂದೆ ಯಾರದಾದರೂ ಪ್ರೋಗ್ರಾಮು ಮುರಿದರೆ, ಕೋಡು ಸ್ಥಳಾಂತರವಾದ ಕಮಿಟ್‌ನಲ್ಲಿ ನಡವಳಿಕೆ ಬದಲಾದ ಸಾಲನ್ನು ಹುಡುಕುವ ಕಷ್ಟ ನನಗೆ ಗೊತ್ತು.

ಉಪಕ್ಲಾಸುಗಳು ಬದಲಿಸಿಕೊಳ್ಳಬಹುದಾದ ಒಂದು ಪ್ರೊಟೆಕ್ಟೆಡ್ ಮೆಥಡ್‌ನ ಹೆಸರೂ ಬದಲಾಗಿತ್ತು. ಹಳೆಯದನ್ನು ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ) ಎಂದು ಗುರುತಿಸಿ ಇಟ್ಟರೆ ಸಾಲದು, ಹೊಸದು ಅದನ್ನೇ ಕರೆಯಬೇಕು. ಇಲ್ಲವಾದರೆ ಹೊರಗಿನವರು ತಮ್ಮ ಉಪಕ್ಲಾಸಿನಲ್ಲಿ ಹಳೆಯ ಹೆಸರಿಗೆ ಮಾಡಿಕೊಂಡ ಓವರ್‌ರೈಡ್ ಕಂಪೈಲ್ ಆಗುತ್ತದೆ, ಓಡುವುದಿಲ್ಲ.

ವಾದ ಬೆಳೆಸುವ ಬದಲು -129, -128, 127, 128, 255, 256ಕ್ಕೆ ಟೆಸ್ಟ್ ಬರೆದೆ. ಹಳೆಯ ಬ್ರಾಂಚಿನಲ್ಲಿ ಎಲ್ಲವೂ ಪಾಸಾದವು, ಹೊಸದರಲ್ಲಿ ಎರಡು ಬಿದ್ದವು. ಈಗ ಪ್ರತಿ ಉಪಕ್ಲಾಸು ತನ್ನ ಮಿತಿಗಳನ್ನು ತಾನೇ ಹೇಳುತ್ತದೆ. ಇದರಿಂದ ಅಳಿಸಿದ ಸಾಲುಗಳ ಲೆಕ್ಕ ತುಸು ಇಳಿಯಿತು; ಸಹೋದ್ಯೋಗಿಗೆ ಈಗಲೂ ಅದರದೇ ಬೇಸರ.